ಬೀಜವಷ್ಟೇ ಬೆಳೆಯಲ್ಲ



ಕಳೆದ ತಿಂಗಳು ನಮ್ಮ ಭಾಗದ ಮಠವೊಂದರ ಆವರಣದಲ್ಲಿ ವಧು-ವರರ ಸಮಾವೇಶ ನಡೆಯಿತು. ಅರ್ಜಿ ತುಂಬಿಸಿಕೊಳ್ಳುವ ಮೇಜಿನ ಹಿಂದೆ ನಾನೂ ಕುಳಿತಿದ್ದೆ. ಮಧ್ಯಾಹ್ನ ಪ್ರಸಾದದ ಹೊತ್ತಿಗೆ ತಂದೆಯೊಬ್ಬರು ಬಂದು, ಅವರ ಮಗಳಿಗೆಂದು ನಾವು ತೋರಿಸಿದ್ದ ವರನ ಅರ್ಜಿಯನ್ನು ಮೇಜಿನ ಮೇಲಿಟ್ಟು ನನ್ನ ಕಡೆ ಸರಿಸಿದರು. ಹುಡುಗ ಓದಿದವನು, ದುಡಿಯುವವನು, ಚಟಗಳಿಲ್ಲದವನು. ಇಬ್ಬರ ಕೊರಳಲ್ಲೂ ಇಷ್ಟಲಿಂಗವಿದೆ. ಒಳಪಂಗಡ ಮಾತ್ರ ಬೇರೆ.

"ಹುಡುಗ ಛಲೋ ಅದಾನ್ರೀ ಸಾಹೇಬ್ರ, ಇಲ್ಲ ಅನ್ನಂಗಿಲ್ಲ. ಆದ್ರ ರಕ್ತ ಬ್ಯಾರೆ ಆಕ್ಕೈತಲ್ರೀ. ನೀವು ಇಂಜಿನಿಯರ್ ಆದವ್ರು, ನಿಮಗ ನಾ ಏನ್ ಹೇಳ್ಲಿ? ಗುಣ, ಬುದ್ಧಿ ಎಲ್ಲಾ ಜೀನ್ಸ್‌ನ್ಯಾಗ ಬರ್ತಾವಂತ ಈಗ ವಿಜ್ಞಾನನ ಹೇಳಾಕತ್ತೈತಿ" ಎಂದರು.

ನಾನು ಸುಮ್ಮನಾದೆ. ಅದಕ್ಕೆ ಎರಡು ಕಾರಣ. ಮೊದಲನೆಯದು, ಮೂವತ್ತು ವರ್ಷಕ್ಕೂ ಮಿಕ್ಕಿ ಕಾಲುವೆ, ತೂಬು, ಸೇತುವೆಗಳ ಲೆಕ್ಕ ಮಾಡಿದ ನನಗೆ ವಂಶವಾಹಿಗಳ ಲೆಕ್ಕ ಸರಿಯಾಗಿ ಗೊತ್ತಿರಲಿಲ್ಲ. ಎರಡನೆಯದು ಹೇಳಿಕೊಳ್ಳಲು ನಾಚಿಕೆಯಾಗುವಂಥದ್ದು. ಆ ಅರ್ಜಿಯ ನಮೂನೆ ತಯಾರಿಸಿದವನು ನಾನೇ. ಹೆಸರು, ವಯಸ್ಸು, ವಿದ್ಯಾಭ್ಯಾಸ ಎಂಬ ಸಾಲುಗಳ ಕೆಳಗೆ 'ಒಳಪಂಗಡ' ಎಂಬ ಅಂಕಣ ಹಾಕಿದವನೂ ನಾನೇ. ಆ ತಂದೆ ನಾನು ಕೇಳಿದ ಪ್ರಶ್ನೆಗೇ ಬೆಲೆ ಕೊಟ್ಟಿದ್ದರು, ಅಷ್ಟೆ.

ಮನೆಗೆ ಬಂದ ಮೇಲೆ ಅವರ ಮಾತು ಬಿಡಲಿಲ್ಲ. ಹುಟ್ಟು ಎಷ್ಟನ್ನು ಕೊಡುತ್ತದೆ, ಬದುಕು ಎಷ್ಟನ್ನು ಕೊಡುತ್ತದೆ, ವಿಜ್ಞಾನ ನಿಜವಾಗಿ ಏನು ಹೇಳುತ್ತದೆ ಎಂದು ಓದಲು ಕುಳಿತೆ. ಓದಿ ತಿಳಿದದ್ದನ್ನೂ ಬದುಕಿ ತಿಳಿದದ್ದನ್ನೂ ಈ ಸಂಚಿಕೆಯಲ್ಲಿ ತಮ್ಮ ಮುಂದೆ ಇಡುತ್ತಿದ್ದೇನೆ.

ತಳಿವಿಜ್ಞಾನ ಹುಟ್ಟಿದ್ದು ಒಂದು ಮಠದ ಕೈತೋಟದಲ್ಲಿ. ಇಂದಿನ ಚೆಕ್ ದೇಶದ ಬ್ರನೋ ಪಟ್ಟಣದ ಕ್ರೈಸ್ತ ಮಠದಲ್ಲಿ ಗ್ರೆಗರ್ ಮೆಂಡೆಲ್ ಎಂಬ ಸನ್ಯಾಸಿ 1856ರಿಂದ 1863ರವರೆಗೆ ಬಟಾಣಿ ಗಿಡಗಳನ್ನು ಬೆಳೆಸಿ, ಒಂದಕ್ಕೊಂದು ಕೂಡಿಸಿ, ಕಾಳುಗಳನ್ನು ಎಣಿಸಿದರು. ಸುಮಾರು 28,000 ಗಿಡಗಳು. ಎತ್ತರ, ಕಾಳಿನ ಬಣ್ಣ, ಸಿಪ್ಪೆಯ ಸುಕ್ಕು ಮುಂತಾದ ಗುಣಗಳು ತಲೆಮಾರಿನಿಂದ ತಲೆಮಾರಿಗೆ ಒಂದು ಲೆಕ್ಕದ ಪ್ರಕಾರ ಇಳಿದುಬರುತ್ತವೆ, ಒಂದು ತಲೆಮಾರಿನಲ್ಲಿ ಕಾಣದೆ ಅಡಗಿದ್ದ ಗುಣ ಮುಂದಿನದರಲ್ಲಿ ಮತ್ತೆ ಕಾಣಿಸಿಕೊಳ್ಳಬಹುದು ಎಂದು ತೋರಿಸಿದರು. 1866ರಲ್ಲಿ ಅದು ಅಚ್ಚಾಯಿತು. ಯಾರೂ ಗಮನ ಕೊಡಲಿಲ್ಲ. 1884ರಲ್ಲಿ ಅವರು ತೀರಿಕೊಂಡರು. ಲೋಕ ಅವರನ್ನು ಗುರುತಿಸಿದ್ದು 1900ರಲ್ಲಿ.

ಆದ್ದರಿಂದ ಹುಟ್ಟಿನಿಂದ ಏನೂ ಬರುವುದಿಲ್ಲ ಎಂದು ಹೇಳಲಾಗದು. ನಮ್ಮ ಸುಧಾರಣಾವಾದಿ ಗೆಳೆಯರಲ್ಲಿ ಕೆಲವರು ಹಾಗೆ ಹೇಳಿಬಿಡುತ್ತಾರೆ. ಅದು ತಪ್ಪು, ಅದರಿಂದ ಹಾನಿಯೂ ಇದೆ. ಹುಟ್ಟಿನಿಂದಲೇ ಬುದ್ಧಿ ಬೆಳವಣಿಗೆ ಕುಂಠಿತವಾದ ಮಗುವಿದ್ದರೆ, ತಾಯಿ ಸರಿಯಾಗಿ ನೋಡಿಕೊಳ್ಳಲಿಲ್ಲ ಎಂದೋ ಹಿಂದಿನ ಜನ್ಮದ ಪಾಪವೆಂದೋ ಆಡಿಕೊಳ್ಳುವ ಬಾಯಿಗಳು ನಮ್ಮೂರುಗಳಲ್ಲಿ ಇನ್ನೂ ಇವೆ. ವಂಶವಾಹಿಯ ಜ್ಞಾನ ಆ ತಾಯಿಯ ಹೆಗಲ ಮೇಲಿನ ಭಾರವನ್ನು ಇಳಿಸುತ್ತದೆ.

ಇನ್ನೊಂದು ಭಾರವನ್ನೂ ಇಳಿಸಬೇಕು. ಮೂರನೆಯದೂ ಹೆಣ್ಣಾಯಿತೆಂದು ಸೊಸೆಯನ್ನು ತವರಿಗೆ ಅಟ್ಟಿದ ಮನೆಗಳನ್ನು ನಾವು ನೋಡಿದ್ದೇವೆ. ಹೆಣ್ಣಿನಲ್ಲಿರುವುದು ಎರಡು ಎಕ್ಸ್ ವರ್ಣತಂತು; ಗಂಡಿನಲ್ಲಿ ಒಂದು ಎಕ್ಸ್, ಒಂದು ವೈ. ಮಗು ಗಂಡೋ ಹೆಣ್ಣೋ ಎಂಬುದು ತಂದೆಯಿಂದ ಬರುವ ಬೀಜಾಣುವಿನಲ್ಲಿ ಎಕ್ಸ್ ಇದೆಯೋ ವೈ ಇದೆಯೋ ಎಂಬುದರ ಮೇಲೆ ನಿಂತಿದೆ. ಇದರ ಸುಳಿವನ್ನು 1905ರಲ್ಲೇ ಹುಳುವೊಂದರಲ್ಲಿ ಕಂಡುಹಿಡಿದವರು ನೆಟ್ಟಿ ಸ್ಟೀವನ್ಸ್ ಎಂಬ ಅಮೆರಿಕದ ವಿಜ್ಞಾನಿ, ಒಬ್ಬ ಹೆಣ್ಣುಮಗಳು. ನೂರು ವರ್ಷ ದಾಟಿದರೂ ನಮ್ಮ ಕೆಲವು ಅತ್ತೆಮಾವಂದಿರಿಗೆ ಆ ಸುದ್ದಿ ಮುಟ್ಟಿಲ್ಲ.

ಹಾಗಾದರೆ ಆ ತಂದೆ ಹೇಳಿದ್ದು ಸರಿಯೇ? ಎಲ್ಲವೂ ಜೀನ್ಸ್‌ನಲ್ಲೇ ಬರೆದಿದೆಯೇ?

ಇದಕ್ಕೆ ಒಂದು ಕಾಯಿಲೆಯ ಕಥೆಯೇ ಉತ್ತರ. 1934ರಲ್ಲಿ ನಾರ್ವೆ ದೇಶದಲ್ಲಿ ತಾಯಿಯೊಬ್ಬಳು ಬುದ್ಧಿ ಬೆಳೆಯದ ತನ್ನ ಇಬ್ಬರು ಮಕ್ಕಳನ್ನು ಅಸ್ಬ್ಯೋರ್ನ್ ಫೋಲಿಂಗ್ ಎಂಬ ವೈದ್ಯರಿಗೆ ತೋರಿಸಿದಳು. ಮಕ್ಕಳ ಮೂತ್ರದಲ್ಲಿ ವಿಚಿತ್ರ ವಾಸನೆ ಇರುವುದನ್ನು ಅವಳೇ ಗಮನಿಸಿದ್ದಳು. ವೈದ್ಯರು ಪರೀಕ್ಷಿಸಿದಾಗ, ಆಹಾರದ ಪ್ರೋಟೀನಿನಲ್ಲಿರುವ ಫಿನೈಲ್‌ಅಲನೀನ್ ಎಂಬ ಅಂಶವನ್ನು ಆ ಮಕ್ಕಳ ದೇಹ ಅರಗಿಸಿಕೊಳ್ಳಲಾರದೆಂದೂ ಅದು ರಕ್ತದಲ್ಲಿ ಸಂಗ್ರಹವಾಗಿ ಮಿದುಳನ್ನು ಕೆಡಿಸುತ್ತದೆಂದೂ ತಿಳಿಯುತ್ತ ಬಂತು. ಇದು ಶುದ್ಧ ಆನುವಂಶಿಕ ಕಾಯಿಲೆ. ತಂದೆಯಿಂದ ಒಂದು, ತಾಯಿಯಿಂದ ಒಂದು, ಎರಡೂ ದೋಷವುಳ್ಳ ಪ್ರತಿಗಳು ಬಂದರೆ ಮಾತ್ರ ಕಾಣಿಸಿಕೊಳ್ಳುತ್ತದೆ.

1950ರ ದಶಕದಲ್ಲಿ ಆ ಅಂಶ ತೀರ ಕಡಿಮೆ ಇರುವ ಆಹಾರವನ್ನು ಕೊಟ್ಟು ನೋಡಿದರು. 1960ರ ದಶಕದ ಹೊತ್ತಿಗೆ ಹುಟ್ಟಿದ ಕೂಸಿನ ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತೆಗೆದು ಪತ್ತೆ ಹಚ್ಚುವ ಕ್ರಮ ಬಂತು. ಮೊದಲ ದಿನಗಳಲ್ಲೇ ಪತ್ತೆಯಾಗಿ ಪಥ್ಯ ಆರಂಭಿಸಿದ ಮಕ್ಕಳು ಇಂದು ಎಲ್ಲರಂತೆ ಶಾಲೆಗೆ ಹೋಗಿ, ಓದಿ, ದುಡಿದು ಬದುಕುತ್ತಿದ್ದಾರೆ. ಅವರ ವಂಶವಾಹಿ ಬದಲಾಗಿಲ್ಲ. ತಟ್ಟೆಯಲ್ಲಿ ಬಡಿಸಿದ್ದು ಬದಲಾಯಿತು. ಹುಟ್ಟಿನಿಂದ ಬಂದದ್ದೆಲ್ಲ ಹಣೆಬರಹವಲ್ಲ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಸಿಗಲಿಲ್ಲ.

ಆದರೆ ಬುದ್ಧಿ, ಸ್ವಭಾವ, ನಡತೆ ಇವು ಒಂದು ವಂಶವಾಹಿಯ ಮಾತಲ್ಲ. ನೂರಾರು, ಸಾವಿರಾರು ವಂಶವಾಹಿಗಳು ಒಂದೊಂದೂ ಎಳ್ಳಿನಷ್ಟು ಪಾಲು ಹಾಕುತ್ತವೆ; ಬದುಕು ತನ್ನ ಪಾಲು ಹಾಕುತ್ತದೆ. ಇವುಗಳ ಲೆಕ್ಕಕ್ಕಾಗಿ ವಿಜ್ಞಾನಿಗಳು ಅವಳಿ ಮಕ್ಕಳನ್ನು ಅಭ್ಯಾಸ ಮಾಡುತ್ತಾರೆ. ಐವತ್ತು ವರ್ಷಗಳ ಇಂಥ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿದ ವರದಿ 2015ರಲ್ಲಿ ಪ್ರಕಟವಾಯಿತು. ಎಲ್ಲ ಗುಣಗಳ ಸರಾಸರಿ ತೆಗೆದರೆ ಆನುವಂಶಿಕತೆಯ ಪಾಲು ನೂರಕ್ಕೆ 49 ಎಂದು ಅದು ಹೇಳಿತು. ಈ ಸಂಖ್ಯೆಯನ್ನು ಕೇಳಿದ ಕೂಡಲೇ 'ನೋಡಿ, ಮನುಷ್ಯನ ಅರ್ಧ ಹುಟ್ಟಿನಿಂದಲೇ ಬಂತು' ಎನ್ನುವವರಿದ್ದಾರೆ. ಆ ಸಂಖ್ಯೆಯ ಅರ್ಥ ಅದಲ್ಲ. ಏನೆಂಬುದನ್ನು ನನಗೆ ಗೊತ್ತಿರುವ ಕಾಲುವೆಯ ಭಾಷೆಯಲ್ಲಿ ಹೇಳುತ್ತೇನೆ.

ಕಾಲುವೆಯಲ್ಲಿ ಹರಿಯುವ ನೀರಿನ ಪ್ರಮಾಣವೆಂದರೆ ಅಡ್ಡಕೊಯ್ತದ ವಿಸ್ತೀರ್ಣವನ್ನು ನೀರಿನ ವೇಗದಿಂದ ಗುಣಿಸಿದ್ದು. ಇದರಲ್ಲಿ ವಿಸ್ತೀರ್ಣದ ಪಾಲೆಷ್ಟು, ವೇಗದ ಪಾಲೆಷ್ಟು ಎಂದು ಯಾರಾದರೂ ಕೇಳಿದರೆ ಮೊದಲ ವರ್ಷದ ವಿದ್ಯಾರ್ಥಿಯೂ ನಗುತ್ತಾನೆ. ಎರಡರಲ್ಲಿ ಒಂದು ಸೊನ್ನೆಯಾದರೆ ನೀರೇ ಇಲ್ಲ. ಒಬ್ಬ ಮನುಷ್ಯನಲ್ಲಿ ಹುಟ್ಟಿನ ಪಾಲೆಷ್ಟು, ಬದುಕಿನ ಪಾಲೆಷ್ಟು ಎಂಬ ಪ್ರಶ್ನೆಯೂ ಅಂಥದ್ದೇ. ಅವಳಿಗಳ ಅಧ್ಯಯನ ಹೇಳುವುದು ಒಬ್ಬನ ಒಳಗಿನ ಪಾಲನ್ನಲ್ಲ. ಒಂದು ಗುಂಪಿನ ಜನರ ನಡುವೆ ಕಾಣುವ ವ್ಯತ್ಯಾಸಗಳಲ್ಲಿ ಎಷ್ಟನ್ನು ಅವರ ವಂಶವಾಹಿಗಳ ವ್ಯತ್ಯಾಸಕ್ಕೆ ಹೊಂದಿಸಬಹುದು ಎಂಬುದನ್ನು, ಅದೂ ಆ ಕಾಲ, ಆ ಪರಿಸ್ಥಿತಿಗೆ ಮಾತ್ರ.

ನೌಕರಿಯ ಆರಂಭದ ವರ್ಷಗಳಲ್ಲಿ ನಾನು ಒಂದು ನೀರಾವರಿ ಯೋಜನೆಯ ಉಪಕಾಲುವೆಯ ಉಸ್ತುವಾರಿಯಲ್ಲಿದ್ದೆ. ಕಾಲುವೆಯ ತಲೆಭಾಗದ ಹೊಲಗಳಲ್ಲಿ ಜೋಳ ಆಳೆತ್ತರ ನಿಂತಿರುತ್ತಿತ್ತು. ಕೊನೆಭಾಗದಲ್ಲಿ ಸೊಂಟಕ್ಕೆ ಬರುತ್ತಿರಲಿಲ್ಲ. ಒಂದೇ ಅಂಗಡಿಯ ಬೀಜ, ಒಂದೇ ಎರೆಭೂಮಿ. ಒಂದು ತಪಾಸಣಾ ಟಿಪ್ಪಣಿಯಲ್ಲಿ ನಾನು 'ಕೊನೆಭಾಗದ ರೈತರಲ್ಲಿ ಶ್ರದ್ಧೆ ಕಡಿಮೆ' ಎಂದು ಬರೆದೆ. ಆ ಊರಿನವರು ಮೊದಲಿನಿಂದಲೂ ಹಾಗೆಯೇ ಎಂದು ಕಚೇರಿಯಲ್ಲಿ ಮಾತಾಡಿಕೊಂಡೆವು. ಮುಂದಿನ ವರ್ಷ ಮೇಲಧಿಕಾರಿಯೊಬ್ಬರ ಒತ್ತಾಯಕ್ಕೆ ಕೊನೆಯ ತೂಬಿನ ಬಳಿ ನೀರು ಅಳೆದೆ. ನಕ್ಷೆಯಲ್ಲಿ ನಾವು ಬರೆದಿದ್ದ ನೀರಿನ ಅರ್ಧವೂ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಮುಟ್ಟುತ್ತಿದ್ದುದೂ ರಾತ್ರಿ ಹೊತ್ತು. ನಿದ್ದೆಗೆಟ್ಟು ಕಂದೀಲು ಹಿಡಿದು ಆ ನೀರು ಹಾಯಿಸಿಕೊಳ್ಳುತ್ತಿದ್ದವರನ್ನೇ ನಾನು ಶ್ರದ್ಧೆಯಿಲ್ಲದವರು ಎಂದು ಬರೆದಿದ್ದೆ.

ತಲೆಭಾಗದ ಹೊಲಗಳನ್ನಷ್ಟೇ ನೋಡಿ. ಅಲ್ಲಿ ಎಲ್ಲಕ್ಕೂ ಒಂದೇ ಸಮ ನೀರು ಸಿಕ್ಕಿದೆ. ಆದ್ದರಿಂದ ಒಂದು ಹೊಲಕ್ಕೂ ಪಕ್ಕದ ಹೊಲಕ್ಕೂ ಕಾಣುವ ವ್ಯತ್ಯಾಸಕ್ಕೆ ಬೀಜದ ತಳಿ ಕಾರಣವಿರಬಹುದು. ಕೊನೆಭಾಗದ ಹೊಲಗಳಲ್ಲೂ ಹಾಗೆಯೇ. ಆದರೆ ತಲೆಭಾಗಕ್ಕೂ ಕೊನೆಭಾಗಕ್ಕೂ ಇರುವ ವ್ಯತ್ಯಾಸ ಪೂರ್ತಿ ನೀರಿನದು. ಒಂದು ಗುಂಪಿನ ಒಳಗಿನ ಲೆಕ್ಕವನ್ನು ಎರಡು ಗುಂಪುಗಳ ನಡುವಿನ ಲೆಕ್ಕಕ್ಕೆ ಹಚ್ಚಿದರೆ ನನ್ನ ತಪಾಸಣಾ ಟಿಪ್ಪಣಿಯಂಥ ಸುಳ್ಳು ಹುಟ್ಟುತ್ತದೆ. 'ಅವರ ಪಂಗಡದವರು ಹಾಗೆ, ನಮ್ಮವರು ಹೀಗೆ' ಎನ್ನುವ ಮಾತೆಲ್ಲ ಆ ಟಿಪ್ಪಣಿಯ ನಕಲು ಪ್ರತಿಗಳೇ. ಯಾವ ಹೊಲಕ್ಕೆ ಎಷ್ಟು ತಲೆಮಾರು ನೀರು ಮುಟ್ಟಿತು ಎಂದು ಅಳೆಯದೆ ಬೀಜಕ್ಕೆ ಬೆಲೆ ಕಟ್ಟುವ ಹಕ್ಕು ಯಾರಿಗೂ ಇಲ್ಲ.

ಇದನ್ನು ನಾನು ಹೊಲದಲ್ಲಿ ಮಾತ್ರವಲ್ಲ, ನಮ್ಮ ಮನೆಯಲ್ಲೂ ನೋಡಿದ್ದೇನೆ. ನಾವು ಇಬ್ಬರು ಅಣ್ಣತಮ್ಮಂದಿರು. ಅಣ್ಣ ನನಗಿಂತ ಲೆಕ್ಕದಲ್ಲಿ ಚುರುಕು. ಓರೆಯಾದ ಹೊಲದ ವಿಸ್ತೀರ್ಣವನ್ನು ಹೆಜ್ಜೆ ಎಣಿಸಿ, ಮನಸ್ಸಿನಲ್ಲೇ ಕೂಡಿಸಿ, ಗುಂಟೆಯ ಲೆಕ್ಕದಲ್ಲಿ ಹೇಳುತ್ತಿದ್ದ. ಅಪ್ಪ ಹಾಸಿಗೆ ಹಿಡಿದ ವರ್ಷ ಅಣ್ಣ ಏಳನೆಯ ಇಯತ್ತೆ ಬಿಟ್ಟು ಎತ್ತುಗಳ ಹಿಂದೆ ಹೋದ. ನನ್ನನ್ನು ಮಠದ ಉಚಿತ ಪ್ರಸಾದ ನಿಲಯಕ್ಕೆ ಬಿಟ್ಟು ಬಂದವನು ಅವನೇ. ಹೋಗುವಾಗ ತನ್ನ ಕಂಪಾಸು ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟ. ಅಲ್ಲಿಂದ ಕಾಲೇಜು, ಪದವಿ, ನೌಕರಿ. ಒಂದೇ ತಂದೆತಾಯಿಯ ಮಕ್ಕಳು, ಒಂದೇ ರಕ್ತ. ನಾನು ಸಾಹೇಬನಾದೆ, ಅಣ್ಣ ನಾನು ಸಾಹೇಬನಾಗಿ ಓಡಾಡಿದಂಥ ಕಾಲುವೆಯ ನೀರಿಗಾಗಿ ಅರ್ಜಿ ಹಿಡಿದು ನಿಲ್ಲುವ ರೈತನಾದ. ನನ್ನ ಯೋಗ್ಯತೆ ನನ್ನದೇ ಎಂದು ನಂಬಿಕೊಂಡಿದ್ದ ದಿನಗಳಲ್ಲಿ ಆ ಕಂಪಾಸು ಪೆಟ್ಟಿಗೆ ನನ್ನ ಕಪಾಟಿನಲ್ಲೇ ಇತ್ತು.

ಮೆಂಡೆಲ್ ಅವರ ಜೀವನ ಓದುವಾಗ ಅಣ್ಣನ ನೆನಪಾಗಿ ಪುಸ್ತಕ ಮುಚ್ಚಿಟ್ಟೆ. ಅವರು ಬಡ ರೈತನ ಮಗ. ತಂದೆ ಅಪಘಾತದಲ್ಲಿ ಗಾಯಗೊಂಡು ಹೊಲಗೆಲಸಕ್ಕೆ ಅಶಕ್ತರಾದರು. ಓದು ನಿಲ್ಲುವ ಹೊತ್ತಿಗೆ ತಂಗಿ ತನ್ನ ಮದುವೆಗೆಂದು ಇಟ್ಟಿದ್ದ ಹಣದಲ್ಲಿ ಪಾಲು ಕೊಟ್ಟಳು. 1843ರಲ್ಲಿ ಮಠ ಸೇರಿದ ಮೇಲೆ ಊಟದ ಚಿಂತೆ ತಪ್ಪಿತು. ಶಿಕ್ಷಕರ ಪರೀಕ್ಷೆಯಲ್ಲಿ ನಪಾಸಾದರೂ ಮಠ ಅವರನ್ನು ಕೈಬಿಡದೆ 1851ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯಕ್ಕೆ ಓದಲು ಕಳಿಸಿತು. ಆನುವಂಶಿಕತೆಯ ನಿಯಮಗಳನ್ನು ಜಗತ್ತಿಗೆ ಕೊಟ್ಟ ವ್ಯಕ್ತಿ ಆ ವ್ಯಕ್ತಿಯಾದದ್ದು ತಂಗಿಯ ತ್ಯಾಗದಿಂದ, ಮಠದ ಅನ್ನದಿಂದ. ನಮ್ಮ ಮಠಗಳ ಪ್ರಸಾದ ನಿಲಯಗಳು ಮಾಡಿದ್ದು ಇದೇ ಕೆಲಸ. 2019ರಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಡಾ. ಶಿವಕುಮಾರ ಸ್ವಾಮೀಜಿಯವರು ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟರು. ಕೊನೆಭಾಗದ ಹೊಲಕ್ಕೆ ನೀರು ಮುಟ್ಟಿಸುವುದೆಂದರೆ ಅದು.

ಈಗ ಆ ತಂದೆಯ 'ರಕ್ತ ಬೇರೆ' ಎಂಬ ಮಾತಿಗೆ ಬರುತ್ತೇನೆ. ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ವಿಜ್ಞಾನಿಗಳೂ ಅಮೆರಿಕದ ಹಾರ್ವರ್ಡ್‌ನ ವಿಜ್ಞಾನಿಗಳೂ ಕೂಡಿ ಭಾರತದ ನಾನಾ ಸಮುದಾಯಗಳ ಡಿಎನ್‌ಎ ಪರೀಕ್ಷಿಸಿದ್ದಾರೆ. 2009ರಲ್ಲಿ ಅವರು ಹೇಳಿದ್ದು: ಭಾರತದ ಬಹುಪಾಲು ಸಮುದಾಯಗಳು, ಮೇಲಿನವರು ಕೆಳಗಿನವರು ಎಂದು ಕರೆಸಿಕೊಳ್ಳುವ ಎಲ್ಲರೂ, ಎರಡು ಪ್ರಾಚೀನ ಜನಸಮೂಹಗಳ ಬೆರಕೆಯಿಂದ ಬಂದವರು. 2013ರಲ್ಲಿ ಹೇಳಿದ್ದು: ಈ ಬೆರಕೆ ಸುಮಾರು 4,200ರಿಂದ 1,900 ವರ್ಷಗಳ ಹಿಂದೆ ವ್ಯಾಪಕವಾಗಿ ನಡೆಯಿತು, ಆಮೇಲೆ ಒಳಗೊಳಗೇ ಮದುವೆಯಾಗುವ ಕಟ್ಟು ಬಿಗಿಯಾಯಿತು. ಅಂದರೆ ಬೆರೆಯದ ರಕ್ತ ಯಾರಲ್ಲೂ ಇಲ್ಲ. ಗೋಡೆ ಆಮೇಲೆ ಕಟ್ಟಿದ್ದು.

ಆ ಗೋಡೆಗೆ ನಾವು ಬೆಲೆಯನ್ನೂ ತೆತ್ತಿದ್ದೇವೆ. 2017ರಲ್ಲಿ ಇದೇ ಬಗೆಯ ಅಧ್ಯಯನ ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಗುಂಪುಗಳನ್ನು ನೋಡಿ, ಅವುಗಳಲ್ಲಿ 81 ಗುಂಪುಗಳು ಕೆಲವೇ ಪೂರ್ವಜರಿಂದ ಬೆಳೆದು, ತಲೆಮಾರುಗಟ್ಟಲೆ ಒಳಗೊಳಗೇ ಕೂಡಿ, ಅಪರೂಪದ ಆನುವಂಶಿಕ ರೋಗಗಳಿಗೆ ಹೆಚ್ಚು ಒಡ್ಡಿಕೊಂಡಿವೆ ಎಂದು ತೋರಿಸಿತು. ಕಾರಣ ಸರಳ. ನಮ್ಮೆಲ್ಲರಲ್ಲೂ ಕೆಲವು ದೋಷವುಳ್ಳ ವಂಶವಾಹಿಗಳು ಅಡಗಿರುತ್ತವೆ. ಮೆಂಡೆಲ್ ಅವರ ಬಟಾಣಿಯಂತೆ, ಎರಡೂ ಕಡೆಯಿಂದ ಅದೇ ದೋಷ ಬಂದಾಗ ಮಾತ್ರ ಅವು ಹೊರಬೀಳುತ್ತವೆ. ನಂಟು ಹತ್ತಿರವಾದಷ್ಟೂ ಆ ಸಂಭವ ಹೆಚ್ಚು. ಸೋದರಮಾವ ಮತ್ತು ಅಕ್ಕನ ಮಗಳು ಸರಾಸರಿ ನಾಲ್ಕನೇ ಒಂದು ಪಾಲು ವಂಶವಾಹಿಗಳನ್ನು ಹಂಚಿಕೊಂಡಿರುತ್ತಾರೆ. ಸೋದರತ್ತೆಯ ಮಗ, ಸೋದರಮಾವನ ಮಗಳು ಎಂಟನೇ ಒಂದು ಪಾಲು. ಕರ್ನಾಟಕದಲ್ಲಿ ನಾಲ್ಕು ಮದುವೆಗಳಲ್ಲಿ ಒಂದು ಇಂದಿಗೂ ರಕ್ತಸಂಬಂಧದಲ್ಲೇ ಆಗುತ್ತದೆ. ಅಂಥ ದಂಪತಿಗಳ ಮಕ್ಕಳಲ್ಲಿ ಬಹುಪಾಲು ಆರೋಗ್ಯವಾಗಿಯೇ ಇರುತ್ತಾರೆ, ಯಾರೂ ಹೆದರಬೇಕಾಗಿಲ್ಲ. ಆದರೆ ಅಪಾಯ ಹೆಚ್ಚೆನ್ನುವುದು ನಿಜ.

ಆ ತಂದೆ ವಿಜ್ಞಾನದ ಹೆಸರು ಹೇಳಿ ಯಾವುದನ್ನು ಬೇಡವೆಂದರೋ, ವಿಜ್ಞಾನ ಅದರ ಪರವಾಗಿದೆ. 'ಒಂದೇ ರಕ್ತ' ಎಂದು ನಾವು ಹೆಮ್ಮೆ ಪಡುವುದನ್ನೇ ವೈದ್ಯರು ಅನುಮಾನದಿಂದ ನೋಡುತ್ತಾರೆ. ಒಂದೇ ರೂಢಿ, ಒಂದೇ ಅಡುಗೆ, ಬಂಧುಬಳಗದ ಪರಿಚಯ ಇವುಗಳಿಗಾಗಿ ಒಳಪಂಗಡದಲ್ಲೇ ಹುಡುಕುತ್ತೇವೆ ಎಂದು ಯಾರಾದರೂ ಹೇಳಿದರೆ ಅದು ಅವರ ಅನುಕೂಲದ ಮಾತು, ಪ್ರಾಮಾಣಿಕ ಮಾತು; ಅದರ ಬಗ್ಗೆ ಕೂತು ಚರ್ಚಿಸಬಹುದು. ರಕ್ತದ ಹೆಸರಿನಲ್ಲಿ, ವಿಜ್ಞಾನದ ಹೆಸರಿನಲ್ಲಿ ಮಾತ್ರ ಹೇಳಬಾರದು.

ಬಸವಾದಿ ಶರಣರು ವಂಶವಾಹಿಗಳನ್ನು ಆಗಲೇ ಕಂಡಿದ್ದರು ಎಂದು ಹೇಳುವ ಚಪಲ ನನಗಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ, ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ. ಅವರು ಮಾಡಿದ್ದು ಬೇರೆ: ನೀರು ಮುಟ್ಟದ ಹೊಲಕ್ಕೆ ನೀರು ಮುಟ್ಟಿಸಿ, ಏನು ಬೆಳೆಯುತ್ತದೆಂದು ತೋರಿಸಿದರು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ. ಓದು ಬರಹದ ಬಾಗಿಲು ತಲೆಮಾರುಗಳಿಂದ ಮುಚ್ಚಿದ್ದ ಮನೆಗಳಿಂದ ಬಂದವರು ಅನುಭವ ಮಂಟಪದಲ್ಲಿ ಕುಳಿತು ಪ್ರಶ್ನೆ ಕೇಳಿದರು, ವಚನ ಬರೆದರು. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಆದ ಮದುವೆಗೆ ಕಲ್ಯಾಣ ತೆತ್ತ ಬೆಲೆಯನ್ನು ಪರಂಪರೆ ನಮಗೆ ಹೇಳಿದೆ. ಆ ಹಿರಿಯರ ಜಯಂತಿಗಳನ್ನು ಆಚರಿಸುವ ನಾವು, ಅವರ ಹೆಸರಿನ ಮಂಟಪದಲ್ಲೇ ಮದುವೆಯ ಅರ್ಜಿಯಲ್ಲಿ ಒಳಪಂಗಡ ಕೇಳುತ್ತಿದ್ದೇವೆ. ಇದರಲ್ಲಿ ನಾನು ಹೊರಗಿನವನಲ್ಲ. ನನ್ನ ಮಗಳಿಗೆ ವರ ಹುಡುಕಿದಾಗ ನಾನೂ ಮೊದಲು ನೋಡಿದ್ದು ಅದೇ ಅಂಕಣವನ್ನು.

ಆದ್ದರಿಂದ ಬರೀ ಉಪದೇಶ ಮಾಡದೆ ಎರಡು ಕೆಲಸ ಮಾಡಿದ್ದೇನೆ. ನಮ್ಮ ಸಮಾವೇಶ ಸಮಿತಿಗೂ ಪೂಜ್ಯರಿಗೂ ಹೊಸ ನಮೂನೆಯೊಂದನ್ನು ಬರೆದು ಒಪ್ಪಿಸಿದ್ದೇನೆ. ಅದರಲ್ಲಿ ಒಳಪಂಗಡದ ಅಂಕಣವಿಲ್ಲ. ಅದರ ಜಾಗದಲ್ಲಿ ಎರಡು ಪ್ರಶ್ನೆಗಳಿವೆ: ಎರಡೂ ಮನೆಗಳ ನಡುವೆ ರಕ್ತಸಂಬಂಧವಿದೆಯೇ? ಕುಟುಂಬದಲ್ಲಿ ಆನುವಂಶಿಕ ಕಾಯಿಲೆಯಿದ್ದು ವೈದ್ಯರ ಸಲಹೆ ಬೇಕೇ? ಎರಡನೆಯದಕ್ಕೆ ಉತ್ತರಿಸುವುದು ಅವರವರ ಇಷ್ಟ, ಉತ್ತರ ವೈದ್ಯರ ಹೊರತು ಯಾರ ಕಣ್ಣಿಗೂ ಬೀಳಬಾರದು. ಸಮಾವೇಶದ ದಿನ ತಜ್ಞ ವೈದ್ಯರೊಬ್ಬರನ್ನು ಕೂರಿಸಬೇಕೆಂದೂ ಕೇಳಿದ್ದೇನೆ. ಸಮಿತಿಯಲ್ಲಿ ವಿರೋಧವಿದೆ. ಅಂಕಣ ತೆಗೆದರೆ ಅರ್ಜಿಗಳೇ ಬರುವುದಿಲ್ಲ ಎನ್ನುವವರಿದ್ದಾರೆ. ಮೊದಲ ವರ್ಷ ಕಡಿಮೆ ಬರಬಹುದು. ಹೊಸ ಕಾಲುವೆಗೆ ಮೊದಲ ಸಲ ನೀರು ಬಿಟ್ಟಾಗಲೂ ಅರ್ಧ ನೀರನ್ನು ಒಣ ಮಣ್ಣೇ ಕುಡಿಯುತ್ತದೆ. ಹಾಗೆಂದು ತೂಬು ಮುಚ್ಚುವುದಿಲ್ಲ.

ಇಂಥ ಸಮಾವೇಶ ನಡೆಸುವ ಇತರ ಮಠಗಳ, ಬಸವ ಸಂಘಟನೆಗಳ ಹಿರಿಯರು ತಮ್ಮ ಅರ್ಜಿ ನಮೂನೆಯನ್ನು ಒಮ್ಮೆ ತೆಗೆದು ನೋಡಬೇಕೆಂದು ಕೈಮುಗಿದು ಕೇಳುತ್ತೇನೆ. ಒಪ್ಪದವರು ಪತ್ರ ಬರೆಯಲಿ, ಮುಂದಿನ ಸಂಚಿಕೆಯಲ್ಲಿ ಅದನ್ನೂ ಪ್ರಕಟಿಸುತ್ತೇವೆ.

ಅರ್ಜಿ ಹಿಂದಿರುಗಿಸಿದ ಆ ತಂದೆಯ ಮೇಲೆ ನನಗೆ ಸಿಟ್ಟಿಲ್ಲ. ಅವರು ಈ ಪತ್ರಿಕೆಯ ಓದುಗರು ಎಂಬುದು ನನಗೆ ಗೊತ್ತು. ಅಂದು ಕೊಡಲಾಗದ ಉತ್ತರವನ್ನು ಇಂದು ಕೊಟ್ಟಿದ್ದೇನೆ. ಆ ಹುಡುಗನ ಅರ್ಜಿ ಇನ್ನೂ ನನ್ನ ಕಡತದಲ್ಲೇ ಇದೆ.